ಬಾಗುವ ಪವರ್ ಸ್ಟ್ರಿಪ್: ಒಂದು ವಿಮರ್ಶೆ

ಉಪಕರಣವೊಂದರ ಯೋಗ್ಯತೆಯನ್ನು ನಿರ್ಣಯಿಸುವಾಗ ಅದು ಎಷ್ಟು ಹೊಸತು ಎಂಬುದಕ್ಕಿಂತಲೂ, ತಾನು ನಿವಾರಿಸಹೊರಟ ತೊಡಕಿನ ಮೂಲವನ್ನು ಅದು ಎಷ್ಟರಮಟ್ಟಿಗೆ ಗ್ರಹಿಸಿದೆ ಎಂಬುದನ್ನು ಮೊದಲು ವಿಚಾರಿಸುವುದು ಉಚಿತ. ಅಮೆರಿಕೆಯ ವಿನ್ಯಾಸ ವಿದ್ಯಾರ್ಥಿ ಜೇಕ್ ಜೀನ್ ಕಲ್ಪಿಸಿದ, ನ್ಯೂಯಾರ್ಕಿನ ಕ್ವರ್ಕಿ ಸಂಸ್ಥೆಯು 2011ರಲ್ಲಿ ಮಾರುಕಟ್ಟೆಗೆ ತಂದ ‘ಪಿವಟ್ ಪವರ್’ ಎಂಬ ಬಾಗುವ ಪವರ್ ಸ್ಟ್ರಿಪ್ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಉತ್ತೀರ್ಣವಾಗುತ್ತದೆ.

ಆ ತೊಡಕು ಇಂತಿದೆ: ಗೋಡೆಯ ಪರ್ಯಾಯ ವಿದ್ಯುತ್ತನ್ನು ಕಡಿಮೆ ವೋಲ್ಟೇಜಿನ ನೇರ ವಿದ್ಯುತ್ತಾಗಿ ಮಾರ್ಪಡಿಸುವ ಸಾಮಗ್ರಿಯೆಲ್ಲವನ್ನೂ ಪ್ಲಗ್ಗಿನ ಒಡಲಿನಲ್ಲಿಯೇ ತುಂಬಿರುವುದರಿಂದ ಅಡಾಪ್ಟರು ಸ್ಥೂಲವಾಗುತ್ತದೆ. ಪಂಕ್ತಿಯಲ್ಲಿ ಒಬ್ಬನೇ ಎರಡು ಎಲೆಗಳ ಸ್ಥಳವನ್ನು ಆಕ್ರಮಿಸಿ ಕುಳಿತಂತೆ, ಅದು ನೆರೆಯ ಸಾಕೆಟ್ಟನ್ನೂ ಮುಚ್ಚಿಬಿಡುತ್ತದೆ. ಆರು ಸಾಕೆಟ್ಟುಗಳುಳ್ಳ ಬೋರ್ಡಿನಲ್ಲಿ ಮೂರೇ ಪ್ರಯೋಜನಕ್ಕೆ ಬರುವ ಸಂದರ್ಭ ಅಪರೂಪವಲ್ಲ. ಜೀನ್ ಅವರು ಸಾಕೆಟ್ಟುಗಳ ಸಂಖ್ಯೆಯನ್ನು ಹೆಚ್ಚಿಸಲಿಲ್ಲ. ಪ್ರತಿಯೊಂದನ್ನೂ ಪ್ರತ್ಯೇಕ ಖಂಡವಾಗಿಸಿ, ತಿರುಗುವ ಕೀಲುಗಳಿಂದ ಜೋಡಿಸಿ, ಇಡೀ ಸಾಲು ಬಿಲ್ಲಿನಾಕಾರಕ್ಕೂ ವೃತ್ತಕ್ಕೂ ಬಾಗುವಂತೆ ಮಾಡಿದರು. ಬಾಗಿದಾಗ ಹೊರಮಗ್ಗುಲು ಬೀಸಣಿಗೆಯಂತೆ ಅಗಲಗೊಂಡು, ಅತ್ತ ಚಾಚಿದ ಅಡಾಪ್ಟರುಗಳಿಗೆ ಅವಕಾಶ ದೊರೆಯುತ್ತದೆ. ಕೊರತೆಯಿದ್ದದ್ದು ಸಾಕೆಟ್ಟುಗಳಲ್ಲಲ್ಲ, ಅವುಗಳ ನಡುವಣ ಅಂತರದಲ್ಲಿ ಎಂಬುದನ್ನು ಕಂಡುಕೊಂಡದ್ದೇ ಈ ರಚನೆಯ ನಿಜವಾದ ಪ್ರತಿಭೆ.

ಆದರೆ ಈ ಔದಾರ್ಯಕ್ಕೆ ಮಿತಿಗಳುಂಟು. ಹೊರಗೆ ಹಿಗ್ಗಿದಷ್ಟೂ ಒಳಮಗ್ಗುಲು ಕುಗ್ಗುವುದರಿಂದ, ಒಳಕ್ಕೆ ಚಾಚುವ ಅಡಾಪ್ಟರುಗಳು ಪರಸ್ಪರ ತಾಗುವುವು. ಅದಕ್ಕಿಂತ ಗಂಭೀರವಾದದ್ದು ವಿದ್ಯುದ್ಭಾರದ ವಿಷಯ. ಅಮೆರಿಕೆಯ 120 ವೋಲ್ಟಿನ, 15 ಆಂಪಿಯರಿನ ಸಾಕೆಟ್ಟಿನಿಂದ ದೊರೆಯುವ ಪರಮಾವಧಿ 1800 ವಾಟ್. ಆರು ಸಾಕೆಟ್ಟುಗಳೂ ಬಳಕೆಗೆ ತೆರೆದುಕೊಂಡ ಮಾತ್ರಕ್ಕೆ ಆ ಮಿತಿ ಎಳ್ಳಷ್ಟೂ ಹಿಗ್ಗದು. ಅಡಾಪ್ಟರುಗಳ ಭಾರ ಅಲ್ಪವಾದುದರಿಂದ ಅವುಗಳಿಗೆ ಇದು ಯೋಗ್ಯವೇ ಸರಿ. ರೂಮ್ ಹೀಟರಿನಂತಹ ಉಪಕರಣಗಳನ್ನು ಇದಕ್ಕೆ ಜೋಡಿಸುವುದು ಮಾತ್ರ ಅಪಾಯವನ್ನು ಆಹ್ವಾನಿಸಿದಂತೆ.

ಇನ್ನೊಂದು ಮಾತನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ಲ್ಯಾಪ್‌ಟಾಪುಗಳ ಅಡಾಪ್ಟರಿನಲ್ಲಿ ವಿದ್ಯುತ್ತನ್ನು ಮಾರ್ಪಡಿಸುವ ಸ್ಥೂಲವಾದ ಪೆಟ್ಟಿಗೆಯನ್ನು ತಂತಿಯ ನಡುವೆ ಇರಿಸಿ ಪ್ಲಗ್ಗನ್ನು ಚಿಕ್ಕದಾಗಿಯೇ ಉಳಿಸುವ ಪದ್ಧತಿ ಬಹುಕಾಲದಿಂದಲೂ ಇರುವಾಗ, ಉಳಿದ ತಯಾರಕರು ಅದನ್ನು ಅನುಸರಿಸದೆ, ತಮ್ಮ ಅನುಕೂಲದ ಹೊರೆಯನ್ನು ಬಳಕೆದಾರರ ಮೇಲೆ ಹೊರಿಸಿದರು. ಆ ಹೊರೆಯನ್ನು ಪಿವಟ್ ಪವರ್ ಜಾಣ್ಮೆಯಿಂದ ಹಗುರಗೊಳಿಸಿತು. ಅದಕ್ಕಾಗಿ ಅದು ಮನಃಪೂರ್ವಕವಾದ ಪ್ರಶಂಸೆಗೆ ಅರ್ಹ. ಆದರೆ ಹೊರೆಯನ್ನು ಹೊರಿಸಿದವರನ್ನು ಆ ಪ್ರಶಂಸೆಯು ಹೊಣೆಯಿಂದ ಬಿಡಿಸಲಾರದು.