ಮನೆಯೊಳಗಿನ ಸುಳಿನೀರು

ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ ಇಂದು ಏಳುತ್ತಿರುವ ಮನೆಗಳ ನಕ್ಷೆಗಳನ್ನು ಬಿಡಿಸಿ ನೋಡಿದರೆ, ದೊಡ್ಡ ಮಲಗುವ ಕೋಣೆಗೆ ಹೊಂದಿದ ಸ್ನಾನಗೃಹದಲ್ಲಿಯೋ, ತಾರಸಿಯ ಒಂದು ಮೂಲೆಯಲ್ಲಿಯೋ, ವಿಶಾಲವಾದ ತೊಟ್ಟಿಯೊಂದರ ಆಕೃತಿ ಕಾಣಸಿಗುವುದು ಅಪರೂಪವಲ್ಲ. ಒಳಮೈಯ ರಂಧ್ರಗಳಿಂದ ಗಾಳಿ ಬೆರೆತ ನೀರನ್ನು ರಭಸದಿಂದ ಚಿಮ್ಮಿಸಿ ಮೈಯನ್ನು ನೀವುವ ಈ ಸಾಧನವನ್ನು ಜನ ಸಾಮಾನ್ಯವಾಗಿ ಜಕೂಜಿ ಎಂದು ಕರೆಯುತ್ತಾರೆ. ಅದರಲ್ಲಿ ಎರಡು ಬಗೆ: ಪ್ರತಿ ಸ್ನಾನಕ್ಕೂ ತುಂಬಿಸಿ ಬರಿದುಮಾಡುವ ಒಳಮನೆಯ ಬಾತ್‌ಟಬ್ ಒಂದು, ಅದೇ ನೀರನ್ನು ವಾರಗಟ್ಟಲೆ ಕಾಯಿಸಿ, ಸೋಸಿ, ಔಷಧಿ ಹಾಕಿ ಉಳಿಸಿಕೊಳ್ಳುವ ಹೊರಾಂಗಣದ ಹಾಟ್ ಟಬ್ ಇನ್ನೊಂದು. ಇವನ್ನು ಮನೆಗೆ ತರಬೇಕೇ ಬೇಡವೇ ಎಂಬುದನ್ನು ಹಣವುಳ್ಳವರ ಇಷ್ಟಾನಿಷ್ಟದ ಮಾತೆಂದು ತೇಲಿಸಿಬಿಡುವುದುಂಟು. ನನ್ನ ಮಟ್ಟಿಗೆ ಹಣ ಇಲ್ಲಿ ಕಡೆಯ ಮಾತು. ಸ್ನಾನದಿಂದ ನಾವು ಅಪೇಕ್ಷಿಸುವುದೇನು, ಆ ಅಪೇಕ್ಷೆಯನ್ನು ಈ ಯಂತ್ರ ಎಷ್ಟರ ಮಟ್ಟಿಗೆ ಪೂರೈಸೀತು, ಅದಕ್ಕೆ ಪ್ರತಿಯಾಗಿ ಮನೆಯಿಂದಲೂ ಊರಿನಿಂದಲೂ ಏನನ್ನು ಕೇಳೀತು ಎಂಬುದು ಮೊದಲು ವಿಚಾರಾರ್ಹವಾದದ್ದು.

ಕೇವಲ ಶುಚಿಗಾದರೆ ಒಂದು ಬಕೆಟ್ ನೀರು ಸಾಕು. ತೊಟ್ಟಿಯನ್ನು ಬಯಸುವವನು ಬಯಸುವುದು ವಿಶ್ರಾಂತಿಯನ್ನು. ದಿನವೆಲ್ಲ ಕುರ್ಚಿಯಲ್ಲಿ ಕುಳಿತು, ಸಂಜೆ ಹೊರವರ್ತುಲ ರಸ್ತೆಯ ವಾಹನಸಂದಣಿಯಲ್ಲಿ ಮತ್ತಷ್ಟು ಹೊತ್ತು ಸವೆದು ಮನೆಗೆ ಬಂದವನ ಬೆನ್ನು ಅದನ್ನು ಬೇಡುವುದು ನ್ಯಾಯವಾಗಿಯೇ ಇದೆ. ಈ ಬಯಕೆಯನ್ನು ವಿಲಾಸವೆಂದು ಹಳಿಯುವವರ ಪಕ್ಷ ನನ್ನದಲ್ಲ. ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ, ಅದರ ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬುವುದನ್ನೇ ಒಂದು ಹಬ್ಬವಾಗಿ ಆಚರಿಸುವ ಜನ ನಾವು; ಬಿಸಿನೀರಿನ ಸುಖವನ್ನು ಪರದೇಶದವರಿಂದ ಕಲಿಯಬೇಕಾದ ಅಗತ್ಯ ನಮಗಿಲ್ಲ. ಆದರೆ ಅಭ್ಯಂಜನದ ಸುಖವಾದರೂ ಎಲ್ಲಿದೆಯೆಂದು ಬಿಡಿಸಿ ನೋಡಿದರೆ, ಅದು ಎಣ್ಣೆಯನ್ನು ಮೈಗೆ ತಿಕ್ಕುವ ಕೈಯಲ್ಲಿದೆ, ಚರ್ಮ ತಾಳುವಷ್ಟು ಕಾದ ನೀರಿನಲ್ಲಿದೆ, ಸ್ನಾನಾನಂತರ ಹೊದ್ದು ಮಲಗುವ ಬಿಡುವಿನಲ್ಲಿದೆ. ಆ ಸುಖದ ಹಿಂದೆ ಬೆಳಗಿನ ಜಾವಕ್ಕೇ ಎದ್ದು, ಹಸಿಸೌದೆಯ ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಒಲೆಯೂದಿದ ಹೆಂಗಸರ ದುಡಿಮೆಯಿತ್ತೆಂಬುದನ್ನು ಮರೆತು ಹಳೆಯ ಬಚ್ಚಲುಮನೆಯನ್ನು ಹೊಗಳುವುದು ಮಾತ್ರ ಅನ್ಯಾಯವಾದೀತು.

ನಿಂತ ನೀರಿನಲ್ಲಿ ಮುಳುಗಿ ಕೂರುವ ಸ್ನಾನವನ್ನು ಅತ್ಯಂತ ಪರಿಷ್ಕಾರಕ್ಕೆ ತಂದವರು ಜಪಾನೀಯರು. ಅವರ ಮನೆಗಳಲ್ಲಿ ತೊಟ್ಟಿಗಿಳಿಯುವ ಮೊದಲು ಹೊರಗೆ ಕುಳಿತು ಮೈಯನ್ನು ಸಂಪೂರ್ಣವಾಗಿ ತೊಳೆದುಕೊಳ್ಳುವುದು ಕಡ್ಡಾಯ. ತೊಟ್ಟಿಯೊಳಗೆ ಸೋಪಿಗೆ ಪ್ರವೇಶವಿಲ್ಲ. ಹೆಗಲವರೆಗೆ ಬರುವ ಅದೇ ಬಿಸಿನೀರನ್ನು ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಬಳಸಿ, ನಡುವೆ ಶಾಖ ಆರದಂತೆ ಮುಚ್ಚಳ ಮುಚ್ಚಿಡುತ್ತಾರೆ. ಆ ಸಂಪ್ರದಾಯಕ್ಕೆ ನೀರನ್ನು ಕಲಕುವ ಯಂತ್ರ ಎಂದೂ ಬೇಕಾಗಿರಲಿಲ್ಲ. ದೇಹದ ಭಾರವನ್ನು ನೀರು ಹೊತ್ತುಕೊಂಡಾಗ ಕೀಲುಗಳಿಗಾಗುವ ಬಿಡುಗಡೆ, ಬಿಸಿಯಿಂದ ಸ್ನಾಯುಗಳಿಗಾಗುವ ಸಡಿಲಿಕೆ, ಇವೆರಡೂ ಕದಡದ ನೀರಿನಲ್ಲಿಯೇ ದೊರಕುತ್ತವೆ. ಚಿಮ್ಮುವ ನೀರು ಬೆನ್ನಿಗೆ ಹಿತವೆಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಆ ಹಿತ ಉಪಾಂಗವೇ ಹೊರತು ಸ್ನಾನದ ಜೀವವಲ್ಲ. ಅಷ್ಟಲ್ಲದೆ, ನೀರಿಗೆ ಗಾಳಿಯನ್ನು ಬೆರೆಸುವ ಆ ವ್ಯವಸ್ಥೆಯೇ ನೀರನ್ನು ಬೇಗನೆ ತಣಿಸುವುದರಿಂದ, ಹೀಟರಿಲ್ಲದ ತೊಟ್ಟಿಯಲ್ಲಿ ಯಂತ್ರ ತನ್ನ ಉಪಕಾರವನ್ನು ತಾನೇ ಕುಂದಿಸಿಕೊಳ್ಳುತ್ತದೆ.

ಇನ್ನು ನೀರಿನ ಲೆಕ್ಕ. ಸಾಧಾರಣ ಗಾತ್ರದ ಒಳಮನೆಯ ತೊಟ್ಟಿಗೆ 300 ಲೀಟರ್ ಹಿಡಿಯುತ್ತದೆಂದುಕೊಳ್ಳೋಣ. ನಗರವಾಸಿಯೊಬ್ಬನ ದಿನದ ಸಕಲ ಅಗತ್ಯಗಳಿಗೂ ನಮ್ಮ ದೇಶದ ಯೋಜನಾಕರ್ತರು ನಿಗದಿಮಾಡಿರುವ ಪ್ರಮಾಣ 135 ಲೀಟರ್. ಎಂದರೆ ಒಂದು ಸ್ನಾನಕ್ಕೆ ಇಬ್ಬರ ಒಂದು ದಿನದ ಪಾಲಿಗಿಂತಲೂ ಹೆಚ್ಚು. 25 ಡಿಗ್ರಿಯ ನೀರಿಗೆ ಗೀಸರಿನ 60 ಡಿಗ್ರಿಯ ನೀರನ್ನು ಬೆರೆಸಿ 40 ಡಿಗ್ರಿಗೆ ತರಬೇಕಾದರೆ, ಆ 300 ಲೀಟರಿನಲ್ಲಿ ಸುಮಾರು 130 ಲೀಟರ್ ಗೀಸರಿನಿಂದಲೇ ಬರಬೇಕು. ನಮ್ಮ ಮನೆಗಳಲ್ಲಿರುವ 25 ಲೀಟರಿನ ಗೀಸರು ಐದು ಬಾರಿ ತುಂಬಿ ಕಾಯುವಷ್ಟರಲ್ಲಿ ಮೊದಲು ಬಿದ್ದ ನೀರು ತಣ್ಣಗಾಗಿರುತ್ತದೆ. ತೊಟ್ಟಿ ಮಾರುವವರು ಈ ಮಾತನ್ನು ಹೇಳುವುದು ಕಡಿಮೆ, ಕೊಳ್ಳುವವರು ಕೇಳುವುದು ಇನ್ನೂ ಕಡಿಮೆ. ಇಂಥ ಎಷ್ಟೋ ತೊಟ್ಟಿಗಳು ಕೊನೆಗೆ ನೆನೆಹಾಕಿದ ಬಟ್ಟೆಗಳಿಗೆ ಆಶ್ರಯವಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮುಖವುಂಟು. ಇಲ್ಲಿಯ ಕಾವೇರಿ ನೀರು ನೂರು ಕಿಲೋಮೀಟರಿನಷ್ಟು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮಜಲುಗಳಲ್ಲಿ ಯಂತ್ರಬಲದಿಂದ ಮೇಲೆತ್ತಲ್ಪಟ್ಟು ಬರುವಂಥದು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರುಗಳ ಹಿಂದೆ ಅಲೆದಾಗ, ಕುಡಿಯುವ ನೀರನ್ನು ವಾಹನ ತೊಳೆಯುವುದಕ್ಕೂ ಕೈತೋಟಕ್ಕೂ ಬಳಸಬಾರದೆಂದೂ, ತಪ್ಪಿದರೆ 5,000 ರೂಪಾಯಿ ದಂಡವೆಂದೂ ಜಲಮಂಡಲಿ ಆಜ್ಞೆ ಹೊರಡಿಸಬೇಕಾಯಿತು. ಈಜುಕೊಳಗಳೂ ಆ ನಿಷೇಧಕ್ಕೆ ಒಳಪಟ್ಟವು. ಬೇಸಗೆ ಬಂದೊಡನೆ ಯಾವ ವಸ್ತುವಿನ ಬಳಕೆ ನೆರೆಹೊರೆಯವರ ಮುಂದೆ ನಾಚಿಕೆಯ ವಿಷಯವಾಗುವುದೋ, ಅದನ್ನು ಮನೆಯ ಶಾಶ್ವತ ಅಂಗವಾಗಿ ಕಟ್ಟಿಕೊಳ್ಳುವುದು ಉಚಿತವೆಂದು ನನಗೆ ತೋರುವುದಿಲ್ಲ. ಬೋರ್‌ವೆಲ್ಲಿನ ಗಡಸುನೀರಾದರೋ ಹೀಟರಿನ ಮೇಲೂ ಜೆಟ್ಟುಗಳ ಬಾಯಲ್ಲೂ ಸುಣ್ಣಗಟ್ಟಿ ಯಂತ್ರದ ಆಯುಸ್ಸನ್ನೇ ಮೊಟಕುಗೊಳಿಸುತ್ತದೆ.

ತಾರಸಿಯ ಹಾಟ್ ಟಬ್ಬಿನ ವಿಷಯ ಇದಕ್ಕಿಂತ ಗುರುತರವಾದದ್ದು. ಇಲ್ಲಿ ಗುರುತ್ವವೆಂಬುದು ಅಕ್ಷರಶಃ ಸತ್ಯ. ಮುಕ್ಕಾಲು ಮೀಟರ್ ಆಳದ ನೀರು ಪ್ರತಿ ಚದರ ಮೀಟರಿನ ಮೇಲೆ 750 ಕಿಲೋಗ್ರಾಂ ಭಾರವನ್ನು ಹೇರುತ್ತದೆ. ವಾಸದ ಕೋಣೆಗಳ ಮೋಲ್ಡಿಗೆ ನಮ್ಮ ನಿರ್ಮಾಣಸಂಹಿತೆ ಲೆಕ್ಕಕ್ಕೆ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ಮಾತ್ರ. ಕಟ್ಟಿ ಮುಗಿದ ಮನೆಯ ಮೇಲೆ, ಎಂಜಿನಿಯರನ ಲಿಖಿತ ಅಭಿಪ್ರಾಯವಿಲ್ಲದೆ, ಕೇವಲ ಗುತ್ತಿಗೆದಾರನ ಧೈರ್ಯದ ಮಾತನ್ನು ನಂಬಿ ಇಂಥ ತೊಟ್ಟಿಯನ್ನು ಕೂರಿಸುವುದು ಕೆಳಗೆ ಮಲಗಿರುವವರ ಪ್ರಾಣವನ್ನು ಪಣಕ್ಕೊಡ್ಡಿದಂತೆ. ಭಾರದ ಜೊತೆಗೆ ಶಾಖದ ಲೆಕ್ಕವೂ ಇದೆ: ಇಂಥ ತೊಟ್ಟಿಯ 1200 ಲೀಟರ್ ನೀರನ್ನು 25ರಿಂದ 40 ಡಿಗ್ರಿಗೆ ಏರಿಸಲು ಬೇಕಾಗುವ ವಿದ್ಯುತ್ತು ಸುಮಾರು 21 ಯೂನಿಟ್. ಮೂರು ಕಿಲೋವಾಟಿನ ಹೀಟರು ಏಳು ಗಂಟೆ ದುಡಿಯಬೇಕು.

ಈ ಎಲ್ಲಕ್ಕಿಂತ ನನ್ನನ್ನು ಹೆಚ್ಚಾಗಿ ಚಿಂತೆಗೀಡುಮಾಡುವುದು ನಿಂತ ಬಿಸಿನೀರಿನ ಸ್ವಭಾವ. 1999ರ ಫೆಬ್ರವರಿಯಲ್ಲಿ ನೆದರ್‌ಲೆಂಡಿನ ಬೋವೆನ್‌ಕಾರ್ಸ್‌ಪೆಲ್ ಎಂಬ ಊರಿನಲ್ಲಿ ಪುಷ್ಪಪ್ರದರ್ಶನವೊಂದು ಜರುಗಿತು. ಮಾರಾಟಕ್ಕೆಂದು ಅಲ್ಲಿ ಸುಳಿನೀರಿನ ತೊಟ್ಟಿಗಳನ್ನು ತುಂಬಿ, ಬಿಸಿಮಾಡಿ, ಚಾಲನೆಯಲ್ಲಿಟ್ಟಿದ್ದರು. ಆ ನೀರಿನಲ್ಲಿ ಲೀಜನೆಲ್ಲಾ ಎಂಬ ರೋಗಾಣು ವೃದ್ಧಿಸಿ, ಗುಳ್ಳೆಗಳೊಡೆದಾಗ ಏಳುವ ಸೂಕ್ಷ್ಮ ತುಂತುರಿನೊಡನೆ ಗಾಳಿಗೆ ಸೇರಿ, ತೊಟ್ಟಿಗಿಳಿಯುವುದಿರಲಿ, ಪಕ್ಕದಲ್ಲಿ ಹಾದುಹೋದವರ ಶ್ವಾಸಕೋಶಗಳನ್ನು ಹೊಕ್ಕಿತು. ಹೂ ನೋಡಲು ಬಂದಿದ್ದವರಲ್ಲಿ ಕನಿಷ್ಠ 32 ಮಂದಿ ಸತ್ತರು. ಈ ದುರಂತದಿಂದ ಕಲಿಯಬೇಕಾದದ್ದು, ನೀರನ್ನು ಚಿಮ್ಮಿಸುವ ಗುಣವೇ ಈ ಸಾಧನದ ಆಕರ್ಷಣೆಯೂ ಆಪತ್ತೂ ಆಗಿದೆಯೆಂಬುದು. ಬರಿದುಮಾಡಿದ ಮೇಲೂ ಒಳಗಿನ ಕೊಳವೆಗಳಲ್ಲಿ ಒಂದಿಷ್ಟು ನೀರು ಉಳಿದು, ಮೈಯ ಎಣ್ಣೆ, ಸೋಪಿನ ಜಿಡ್ಡುಗಳೊಡನೆ ಲೋಳೆಯಾಗಿ ಅಂಟಿಕೊಳ್ಳುತ್ತದೆ. ಎಣ್ಣೆಸ್ನಾನದ ಅಭ್ಯಾಸವುಳ್ಳ ನಮ್ಮ ಮನೆಗಳಲ್ಲಿ ಅದು ಇನ್ನಷ್ಟು ಬೇಗ ಕಟ್ಟುವುದು ಸಹಜ. ನೀರನ್ನು ಉಳಿಸಿಕೊಳ್ಳುವ ತೊಟ್ಟಿಯಲ್ಲಂತೂ ಕ್ಲೋರಿನ್ನು ಹತ್ತು ಲಕ್ಷದಲ್ಲಿ ಮೂರು ಭಾಗಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು, ಮತ್ತು ಬಿಸಿನೀರಿನಲ್ಲಿ ಕ್ಲೋರಿನ್ನು ಬಹು ಬೇಗ ಕ್ಷಯಿಸುತ್ತದೆ. ಹೀಗೆ ದಿನನಿತ್ಯ ನೀರನ್ನು ಪರೀಕ್ಷಿಸುವ ಶ್ರದ್ಧೆ ಯಾರಲ್ಲಿದೆ? ದೇವರ ಮುಂದಿನ ನಂದಾದೀಪವನ್ನು ಕಾಯುವಷ್ಟು ನಿಷ್ಠೆಯಿಂದ ಇದನ್ನು ಕಾಯುವವರಿಲ್ಲದ ಮನೆಯಲ್ಲಿ ಹಾಟ್ ಟಬ್ ಇರಕೂಡದೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಅಪಾಯ ರೋಗಾಣುವಿನಿಂದ ಮಾತ್ರವಲ್ಲ. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಬಾಲಿಕೆಯೊಬ್ಬಳು ಇಂಥ ತೊಟ್ಟಿಯ ತಳದ ನೀರೆಳೆಯುವ ಬಾಯಿಗೆ ಸಿಕ್ಕಿ ಮುಳುಗಿ ಸತ್ತಳು. ಆಕೆ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರರ ಮೊಮ್ಮಗಳು. 2007ರಲ್ಲಿ ಆ ದೇಶ ಆಕೆಯ ಹೆಸರಿನಲ್ಲಿಯೇ ಶಾಸನವೊಂದನ್ನು ಮಾಡಿ, ನೀರೆಳೆಯುವ ಬಾಯಿಗಳಿಗೆ ಸುರಕ್ಷಿತವಾದ ಮುಚ್ಚಳಗಳನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಕೊಳ್ಳುವವನೇ ಇದನ್ನು ಕೇಳಿ ತಿಳಿಯಬೇಕು.

ಹಾಗಾದರೆ ಈ ಸಾಧನಕ್ಕೆ ಯೋಗ್ಯವಾದ ಮನೆಯೇ ಇಲ್ಲವೇ? ಇದೆ, ಯಾವುದೆಂಬುದನ್ನು ಅದರ ಹುಟ್ಟೇ ತಿಳಿಸುತ್ತದೆ. ಇಟಲಿಯ ಕಾಸಾರ್ಸದಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಏಳು ಮಂದಿ ಜಕೂಜಿ ಸಹೋದರರು ಮೊದಲು ವಿಮಾನದ ಪ್ರೊಪೆಲ್ಲರುಗಳನ್ನೂ ವಿಮಾನಗಳನ್ನೂ ನಿರ್ಮಿಸಿ, 1921ರ ಅಪಘಾತದಲ್ಲಿ ಒಬ್ಬ ಸಹೋದರನನ್ನು ಕಳೆದುಕೊಂಡ ಮೇಲೆ ಆ ಉದ್ಯಮವನ್ನು ಬಿಟ್ಟು, ಬೇಸಾಯದ ನೀರೆತ್ತುವ ಪಂಪುಗಳ ಕಡೆ ತಿರುಗಿದರು. ಕಿರಿಯನಾದ ಕ್ಯಾಂಡಿಡೊನ ಮಗ ಕೆನೆತ್ ಎಳವೆಯಲ್ಲಿಯೇ ಕೀಲುವಾತಕ್ಕೆ ತುತ್ತಾದನು. ಆಸ್ಪತ್ರೆಯ ಜಲಚಿಕಿತ್ಸೆಯಿಂದ ಮಗುವಿನ ನೋವು ಶಮನವಾಗುವುದನ್ನು ಕಂಡ ತಂದೆ, ಅದೇ ಉಪಶಮನ ಮನೆಯಲ್ಲಿಯೂ ದೊರಕಲೆಂದು ತನಗೆ ತಿಳಿದಿದ್ದ ಪಂಪಿನ ವಿದ್ಯೆಯನ್ನು ಸ್ನಾನದ ತೊಟ್ಟಿಗೆ ಅಳವಡಿಸಿದನು. 1956ರಲ್ಲಿ ಮಾರುಕಟ್ಟೆಗೆ ಬಂದದ್ದು ಎತ್ತಿಕೊಂಡು ಹೋಗಬಹುದಾದ, ಯಾವ ತೊಟ್ಟಿಯಲ್ಲಾದರೂ ಇಳಿಬಿಡಬಹುದಾದ ಆ ಪಂಪು. ಜೆಟ್ಟುಗಳನ್ನು ಗೋಡೆಯೊಳಗೆ ಹುದುಗಿಸಿದ ತೊಟ್ಟಿಯನ್ನು ಅದೇ ಕುಟುಂಬದ ರಾಯ್ ಜಕೂಜಿ ಹೊರತಂದದ್ದು 1968ರಲ್ಲಿ. ವೈದ್ಯಕ್ಕೆಂದು ಹುಟ್ಟಿದ್ದು ವೈಭವದ ಕಡೆ ಹೊರಳಿದ್ದು ಅಲ್ಲಿಂದೀಚೆಗೆ.

ಆದುದರಿಂದ ಕೀಲುನೋವಿನಿಂದ ನರಳುವವರಿರುವ ಮನೆಯಲ್ಲಿ, ವೈದ್ಯರು ಒಪ್ಪಿದಲ್ಲಿ, ಇದನ್ನು ಖಂಡಿತ ತರಬಹುದು. ರಕ್ತದೊತ್ತಡ, ಹೃದ್ರೋಗಗಳುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇಳಿಯಬಾರದು; ಶಾಖ 40 ಡಿಗ್ರಿಯನ್ನು ಮೀರಬಾರದು. ಆದರೆ ಅರ್ಧ ಮೀಟರಿಗೂ ಮಿಕ್ಕಿ ಎತ್ತರವಾದ, ನುಣುಪಾದ ಅಂಚನ್ನು ದಾಟಿ ಒಳಗಿಳಿಯಬೇಕಾದ ತೊಟ್ಟಿ ಬಿಸಿನೀರಿನ ಅಗತ್ಯ ಯಾರಿಗೆ ಹೆಚ್ಚೋ ಅವರಿಗೇ ದುರ್ಗಮವಾದದ್ದು. ಬಾಗಿಲಿರುವ, ಕುಳಿತುಕೊಳ್ಳುವ ಆಸನವಿರುವ, ಕೈಯೂರಲು ಗಟ್ಟಿಯಾದ ಸರಳುಗಳಿರುವ ಸಣ್ಣ ತೊಟ್ಟಿಯನ್ನು ಆರಿಸಿ, ಬಾಗಿಲು ತೆರೆಯುವ ಮೊದಲು ನೀರೆಲ್ಲ ಹರಿದುಹೋಗುವಷ್ಟು ಹೊತ್ತು ಮೈ ನಡುಗದಂತೆ ಕೋಣೆಯನ್ನು ಬೆಚ್ಚಗಿಟ್ಟು, ಜೊತೆಗೊಬ್ಬರು ಇರಬೇಕು. ವಿದ್ಯುತ್ತು ಸೋರಿದೊಡನೆ ಸಂಪರ್ಕವನ್ನು ಕತ್ತರಿಸುವ ಬ್ರೇಕರನ್ನು ಅನುಭವಸ್ಥನಾದ ಎಲೆಕ್ಟ್ರಿಷಿಯನ್ ಹಾಕಿ ಪರೀಕ್ಷಿಸಿದ ಮೇಲೆಯೇ ಮೊದಲ ಬಾರಿ ನೀರು ತುಂಬಿಸಬೇಕು. ಅಂಥ ನೋವಿಲ್ಲದ ಮನೆಯವರು, ಆ ಜಾಗದಲ್ಲಿ ಆಳವಾದ ಸಾದಾ ತೊಟ್ಟಿಯೊಂದನ್ನೋ, ಎಣ್ಣೆ ಹಚ್ಚಿಕೊಂಡು ಕೂರಲು ಒಂದು ಕಲ್ಲಿನ ಕಟ್ಟೆಯನ್ನೋ ಕಟ್ಟಿಸಿ, ಉಳಿದ ಹಣದಲ್ಲಿ ತಾರಸಿಯ ಮೇಲೆ ಸೋಲಾರ್ ವಾಟರ್ ಹೀಟರನ್ನೂ ಅಂಗಳದಲ್ಲಿ ಮಳೆನೀರಿನ ಸಂಪನ್ನೂ ಮಾಡಿಸಲಿ.