ಅಪಘಾತ ವರದಿ: ಎಣಿಕೆ ಇದೆ, ವಿಚಾರಣೆ ಇಲ್ಲ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿವರ್ಷದ ಲೆಕ್ಕವಾಗಿ ‘ಭಾರತದಲ್ಲಿ ರಸ್ತೆ ಅಪಘಾತಗಳು’ ಎಂಬ ವರದಿ ಹೊರತರುತ್ತದೆ. 2022ರ ವರದಿಯಂತೆ ಆ ವರ್ಷ 4,61,312 ಅಪಘಾತಗಳಾದವು. 1,68,491 ಜನ ಸತ್ತರು, ಅಂದರೆ ಗಂಟೆಗೆ 19 ಮಂದಿ. ಇವರಲ್ಲಿ 11,702 ಮಂದಿ ಸತ್ತಿದ್ದು ಕರ್ನಾಟಕದಲ್ಲಿ.

ಈ ವರದಿ ತಳ್ಳಿಹಾಕುವಂಥದ್ದಲ್ಲ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, 32,825 ಮಂದಿ ಪಾದಚಾರಿಗಳು ಎಂದು ತಿಳಿದಿದ್ದು ಇದರಿಂದಲೇ. ದೇಶದ ರಸ್ತೆಜಾಲದಲ್ಲಿ ಸುಮಾರು ಶೇ 2ರಷ್ಟಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಶೇ 36ರಷ್ಟು ಸಾವು ಎಂಬ ಒಂದು ಸಾಲು ಸಾಕು, ದುಡ್ಡು ಮೊದಲು ಎಲ್ಲಿಗೆ ಹೋಗಬೇಕೆಂದು ಹೇಳಲು.

ನನ್ನ ತಕರಾರು ಕಾರಣಗಳ ಕೋಷ್ಟಕದ ಬಗ್ಗೆ. ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎನ್ನುತ್ತದೆ ಅದು. ಈ ಅಂಕಿ ಬಂದಿದ್ದು ಪೊಲೀಸ್ ಠಾಣೆಗಳ ದಾಖಲೆಗಳಿಂದ. ನಮ್ಮ ಯಾವುದೇ ಠಾಣೆಯ ಎಫ್‌ಐಆರ್ ತೆಗೆದು ನೋಡಿ: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿಪಡಿಸಿ’ ಎಂಬ ಒಕ್ಕಣೆ ಇದ್ದೇ ಇರುತ್ತದೆ. ಬರೆಯುವವರನ್ನು ದೂರಿ ಫಲವಿಲ್ಲ. ಆಗ ಜಾರಿಯಲ್ಲಿದ್ದ ಐಪಿಸಿ 279ನೇ ಕಲಂ ಹಾಕಬೇಕಾದರೆ ಚಾಲಕ ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ ಓಡಿಸಿದ ಎಂದು ಬರೆಯಲೇಬೇಕಿತ್ತು. ಆ ಒಕ್ಕಣೆ ಇಲ್ಲದೆ ಹೋದರೆ ಸತ್ತವರ ಮನೆಯವರ ಪರಿಹಾರದ ಅರ್ಜಿಯೂ ಕುಂಟುತ್ತದೆ. ಆರೋಪ ಹೊರಿಸಲು ಬರೆದ ಮಾತನ್ನು ಸಚಿವಾಲಯ ಸಂಶೋಧನೆಯ ಫಲಿತಾಂಶದಂತೆ ಅಚ್ಚು ಹಾಕುತ್ತಿದೆ. ವೇಗ ಕೊಲ್ಲುವುದಿಲ್ಲ ಎನ್ನುತ್ತಿಲ್ಲ, ಖಂಡಿತ ಕೊಲ್ಲುತ್ತದೆ. ಆದರೆ ಊರ ನಡುವೆ ಹಾದ ಹೆದ್ದಾರಿಗೆ ಫುಟ್‌ಪಾತ್ ಇರಲಿಲ್ಲ, ಬೀದಿದೀಪ ಉರಿಯುತ್ತಿರಲಿಲ್ಲ, ಕೆಟ್ಟು ನಿಂತ ಲಾರಿಗೆ ಹಿಂದೆ ರಿಫ್ಲೆಕ್ಟರ್ ಇರಲಿಲ್ಲ ಎಂಬುದೆಲ್ಲ ‘ಅತಿವೇಗ’ದ ಒಂದೇ ಅಂಕಣದಲ್ಲಿ ಮುಚ್ಚಿಹೋಗುತ್ತದೆ. ಪೊಲೀಸರು ಹೊರಿಸುವ ಚಾಲಕನ ತಪ್ಪನ್ನೇ ಕಾರಣವೆಂದು ನಂಬಬೇಡಿ ಎಂದು ದೆಹಲಿ ಐಐಟಿಯ ದಿವಂಗತ ದಿನೇಶ್ ಮೋಹನ್ ವರ್ಷಗಟ್ಟಲೆ ಹೇಳಿದರು. ರಸ್ತೆಯ ವಿನ್ಯಾಸದಲ್ಲಿ ಲೋಪವಿದ್ದರೆ ಗುತ್ತಿಗೆದಾರರಿಗೂ ಪ್ರಾಧಿಕಾರಕ್ಕೂ 1 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ 198ಎ ಕಲಂ ತಂದಿದೆ. ಲೋಪ ದಾಖಲಾದರೆ ತಾನೆ ದಂಡ?

ಇನ್ನು ಗಾಯಾಳುಗಳ ಎಣಿಕೆ. 2022ರಲ್ಲಿ 4,43,366 ಮಂದಿ ಗಾಯಗೊಂಡರಂತೆ. ಒಂದು ಸಾವಿಗೆ ಮೂವರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಸಾವು, ಕಡಿಮೆಯೆಂದರೂ 2 ಕೋಟಿ ಗಾಯಾಳುಗಳು. ಅಂದರೆ ಒಬ್ಬರು ಸತ್ತರೆ ಹದಿನಾರು ಜನಕ್ಕೆ ಪೆಟ್ಟು. ನಮ್ಮಲ್ಲಿ ಉಳಿದವರು ಠಾಣೆಯ ಮೆಟ್ಟಿಲು ಹತ್ತಿಲ್ಲ, ಅಷ್ಟೇ. ಕಾಲು ಮುರಿದುಕೊಂಡು ಸ್ಥಳದಲ್ಲೇ ರಾಜಿಯಾದ ಗಾರೆ ಕೆಲಸದವನು ಈ ವರದಿಯಲ್ಲಿ ಇಲ್ಲ. ಹಾಗಾಗಿ ‘100 ಅಪಘಾತಕ್ಕೆ 36.5 ಸಾವು’ ಎಂಬ ತೀವ್ರತೆಯ ಸೂಚ್ಯಂಕವನ್ನೂ ನಾನು ನಂಬಲಾರೆ. ಸಾವಿನ ಲೆಕ್ಕವೂ ಪೂರ್ತಿಯಲ್ಲ: 2021ಕ್ಕೆ ಸರ್ಕಾರ ಕೊಟ್ಟಿದ್ದು 1,53,972, ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ್ದು 2.16 ಲಕ್ಷದಷ್ಟು.

ಮನೆಯೊಳಗಿನ ನಷ್ಟಕ್ಕಂತೂ ಇಲ್ಲಿ ಜಾಗವೇ ಇಲ್ಲ. ವಿಶ್ವಬ್ಯಾಂಕ್ ಮತ್ತು ಸೇವ್‌ಲೈಫ್ ಫೌಂಡೇಶನ್ ಉತ್ತರ ಪ್ರದೇಶ, ಬಿಹಾರ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಪಘಾತಕ್ಕೆ ಸಿಕ್ಕ ಬಡ ಕುಟುಂಬಗಳಲ್ಲಿ ಶೇ 75ಕ್ಕೂ ಹೆಚ್ಚು ಕುಟುಂಬಗಳು ತಮ್ಮ ಆದಾಯ ಕುಸಿಯಿತೆಂದವು. ಸುಮಾರು ಶೇ 40ರಷ್ಟು ಹೆಂಗಸರ ದುಡಿಮೆಯ ರೀತಿಯೇ ಬದಲಾಯಿತು. ಆಸ್ಪತ್ರೆಯ ಸಾಲ, ಬಿಟ್ಟ ಕೂಲಿ, ಹಾಸಿಗೆ ಹಿಡಿದವರ ಆರೈಕೆ ಇವೆಲ್ಲ ಬಿದ್ದಿದ್ದು ಅವರ ಮೇಲೆ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಿಯೇ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿದೆ. ನ್ಯಾಯಾಲಯ ಒಪ್ಪಿದ ಈ ಬೆಲೆ ಸಚಿವಾಲಯದ ಕೋಷ್ಟಕಗಳಿಗೆ ಇನ್ನೂ ಇಳಿದಿಲ್ಲ.

ದೆಹಲಿಯಲ್ಲಿ ಈ ವರದಿಯ ನಮೂನೆ ಬದಲಾಗುವುದನ್ನು ಕಾಯುತ್ತ ಕೂರಬೇಕಿಲ್ಲ. ನಿಮ್ಮೂರಿನ ರಸ್ತೆಯಲ್ಲಿ ಅಪಘಾತವಾಗಿ ಪೊಲೀಸರು ಸ್ಥಳ ಮಹಜರಿಗೆ ಪಂಚರಾಗಿ ಕರೆದರೆ ಹಿಂಜರಿಯಬೇಡಿ. ಸಹಿ ಹಾಕುವ ಮುನ್ನ ಓದಿಸಿಕೊಳ್ಳಿ. ದೀಪ ಇರಲಿಲ್ಲವೆಂದರೆ, ಗುಂಡಿ ಇತ್ತೆಂದರೆ, ನಡೆಯಲು ಜಾಗವಿರಲಿಲ್ಲವೆಂದರೆ ಅದನ್ನೂ ಬರೆಸಿ.