ಮೆಟ್ಟಿಲ ಕೆಳಗೆ ಉಳಿದ ರಿವಾಯತ್

ಪುಣೆಗೆ ಕನ್ನಡ ನಾಡಿನ ಹಾಡುಗಾರರು ಹೊಸಬರಲ್ಲ. ಗದಗದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ ಸಂಗೀತೋತ್ಸವ ಇಂದಿಗೂ ಈ ಊರಿನ ಹೆಮ್ಮೆ. ಆದರೆ ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದವರ ಜೊತೆ ಬೇರೊಂದು ಹಾಡೂ ಬಂದಿದೆ. ಅದು ರಿವಾಯತ್.

ಮೊಹರಂ ದಿನಗಳಲ್ಲಿ ಹಸನ್-ಹುಸೇನರ ಕಥೆಯನ್ನು, ಕರ್ಬಲಾದ ನೀರಡಿಕೆಯನ್ನು ಕನ್ನಡದಲ್ಲಿ ಹೇಳುವ ಪದಗಳಿವು. ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಹಾಡುತ್ತಾರೆ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಅಲಾವಿ ಕುಣಿ ತೋಡುತ್ತಾರೆ. ಶಿಶುನಾಳ ಶರೀಫರೂ ರಿವಾಯತ್ ಪದ ಕಟ್ಟಿದವರೇ. ರಹಮತ್ ತರೀಕೆರೆಯವರ ‘ಕರ್ನಾಟಕದ ಮೊಹರಂ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಚೆಗೆ ನಾವು ಕೆಲವು ಶಿಕ್ಷಕರು ಸೇರಿ ಪುಣೆಯ ಒಂದು ಸಣ್ಣ ಸಭಾಂಗಣದಲ್ಲಿ ಜನಪದ ಹಾಡಿನ ಸಂಜೆ ಏರ್ಪಡಿಸಿದ್ದೆವು. ‘ಎಲ್ಲರೂ ಬನ್ನಿ, ಪ್ರವೇಶ ಉಚಿತ’ ಎಂದು ಕರಪತ್ರದಲ್ಲಿ ಹಾಕಿದ್ದೆವು. ಈ ಬರಹ ಆ ಸಂಜೆಯ ವಿಮರ್ಶೆ. ಸಂಘಟಕರಲ್ಲಿ ನಾನೂ ಒಬ್ಬಳಾದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮೊದಲ ಭಾಗ ಶರೀಫರ ತತ್ವಪದಗಳದ್ದು. ಹುಡುಗರು ಕೀಬೋರ್ಡು, ರಿದಂ ಪ್ಯಾಡ್ ಇಟ್ಟುಕೊಂಡು ಚೆನ್ನಾಗಿಯೇ ಹಾಡಿದರು. ಪೇಟೆಯ ಕಿವಿಗೆ ಶರೀಫರೆಂದರೆ ಸಿ. ಅಶ್ವತ್ಥರ ಧ್ವನಿ, ಇಲ್ಲವೇ 1990ರಲ್ಲಿ ಬಂದ ನಾಗಾಭರಣರ ಸಿನಿಮಾ. ಅದರ ಉಪಕಾರ ದೊಡ್ಡದು, ನಾನೂ ಶರೀಫರನ್ನು ಮೊದಲು ಕೇಳಿದ್ದು ಕ್ಯಾಸೆಟ್ಟಿನಲ್ಲೇ. ಆದರೆ ಕ್ಯಾಸೆಟ್ಟಿನ ಮುಂದೆ ನಾವು ಸುಮ್ಮನೆ ಕೂತು ಕೇಳುವವರು. ಊರ ಭಜನೆಯಲ್ಲಿ ಹಾಗಲ್ಲ. ಒಬ್ಬ ನುಡಿ ಹೇಳಿದರೆ ಕೂತವರೆಲ್ಲ ಸೊಲ್ಲು ಹಿಡಿಯುತ್ತಾರೆ. ನಮ್ಮ ಹುಡುಗರು ಸೊಲ್ಲಿನ ಜಾಗದಲ್ಲೂ ಕೀಬೋರ್ಡು ತುಂಬಿಬಿಟ್ಟರು.

ಆಮೇಲೆ ಸನ್ಮಾನ, ಭಾಷಣ. ರಿವಾಯತ್ ಮೇಳದ ಸರದಿ ಬಂದಾಗ ಒಂಬತ್ತೂವರೆ. ಹತ್ತಕ್ಕೆ ಹಾಲ್ ಖಾಲಿ ಮಾಡಬೇಕು. ದೂರದ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳು ಆಗಲೇ ಎದ್ದು ಹೋಗಿದ್ದರು. ದುಂಡಗೆ ಸುತ್ತುತ್ತಾ ಹಾಡುವ ಎಂಟು ಜನರನ್ನು ನಾವು ಮೈಕಿನ ಮುಂದೆ ಸಾಲಾಗಿ ನಿಲ್ಲಿಸಿದೆವು. “ಸುತ್ತು ಹಾಕಾಕ ಜಾಗಾನ ಇಲ್ಲಲ್ರೀ ಟೀಚರ್” ಎಂದರು ಹಿರಿಯರು. ನಾನು ಗಡಿಯಾರ ತೋರಿಸಿದೆ.

ಪದ ಅಲಿ ಅಸ್ಗರನ ಹತ್ತಿರ ಬಂತು. ನೀರಿಲ್ಲದ ಹಾಲುಗೂಸು. ಮುಂದಿನ ಸಾಲಿನಿಂದ ಯಾರೋ ಸೀಟಿ ಹೊಡೆದರು. ಚಪ್ಪಾಳೆ ಶುರುವಾಯಿತು. ಹಿರಿಯರು ಹಾಡು ನಿಲ್ಲಿಸಿ, “ಇದು ಅಳೂ ಪದಾ ಐತ್ರಿ” ಎಂದಷ್ಟೇ ಹೇಳಿ ಮತ್ತೆ ಎತ್ತಿಕೊಂಡರು.

ಸೀಟಿ ಹೊಡೆದವನನ್ನು ನಾನು ಬೈಯಲಾರೆ. ಅಲ್ಲಿಯವರೆಗೆ ಪ್ರತಿ ಹಾಡಿಗೂ ‘ಜೋರಾಗಿ ಚಪ್ಪಾಳೆ’ ಎಂದು ಕೇಳಿದವರು ನಾವೇ. ಇದು ಶೋಕದ ಹಾಡು ಎಂದು ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಮಾತು ಹೇಳಿದ್ದರೆ ಸಾಕಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಕೆಳಗಿಳಿದರೆ ಮೊದಲ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಮೇಳದ ಹುಡುಗನೊಬ್ಬನ ನಾನಿ. ಹಾಲ್ ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಅವರಿಗೆ ಮೊಣಕಾಲು ನೋವು. ರಿವಾಯತ್ ಶುರುವಾದಾಗಿನಿಂದ ಅವರು ಅಲ್ಲೇ ಕೂತು ಸೊಲ್ಲು ಹಿಡಿಯುತ್ತಿದ್ದರು ಎಂದು ವಾಚ್‌ಮನ್ ಹೇಳಿದ. ಮೇಲೆ ಅಷ್ಟು ಜನರಿದ್ದೂ ಸೊಲ್ಲು ಹಿಡಿದವರು ಕೆಳಗಿದ್ದ ಇವರೊಬ್ಬರೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಂಸ್ಕೃತಿ, ಮನರಂಜನೆಯನ್ನೂ ಹಕ್ಕೆಂದೇ ಎಣಿಸುತ್ತದೆ. ನಾವು ‘ಎಲ್ಲರೂ ಬನ್ನಿ’ ಎಂದು ಬರೆಯುವಾಗ ಮೆಟ್ಟಿಲು ಎಣಿಸಿರಲಿಲ್ಲ.

ನಮ್ಮವರಲ್ಲೇ ಎರಡು ಆಕ್ಷೇಪಗಳಿವೆ. ಹಾಡು, ಕುಣಿತ ದೀನಿನಲ್ಲಿ ಇಲ್ಲ ಎನ್ನುವುದು ಒಂದು. ಹಾಗೆ ನಂಬಿದವರನ್ನು ನಾನು ಗೌರವಿಸುತ್ತೇನೆ, ಅವರನ್ನು ಒತ್ತಾಯಿಸಿ ಕರೆಯುವುದಿಲ್ಲ. ಆದರೆ ಹಾಡುವವರಿಗೆ ಇದು ಮೋಜಲ್ಲ, ದುಃಖ ಎಂಬುದನ್ನಾದರೂ ಅವರು ಕೇಳಿಸಿಕೊಳ್ಳಲಿ. ‘ನಮ್ಮದು ಉರ್ದು, ನಮಗೆ ಮರ್ಸಿಯಾ ಇದೆ, ಇದ್ಯಾಕೆ?’ ಎನ್ನುವುದು ಇನ್ನೊಂದು. ನಾನು ತರಗತಿಯಲ್ಲಿ ಮೀರ್ ಅನೀಸರ ಮರ್ಸಿಯಾ ಪಾಠ ಮಾಡುವವಳು. ಲಖನೌದಲ್ಲಿ ಉರ್ದುವಿನಲ್ಲಿ ಹರಿದ ಕಣ್ಣೀರೇ ನಮ್ಮ ಸೀಮೆಯಲ್ಲಿ ಕನ್ನಡದಲ್ಲಿ ಹರಿದಿದೆ. ಒಂದನ್ನು ಪಾಠ ಮಾಡಿ ಇನ್ನೊಂದನ್ನು ಬಾಗಿಲ ಹೊರಗೆ ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ.

ಜನಪದ ಸಂಜೆಯನ್ನು ಅಳೆಯುವಾಗ ಕಂಠ, ತಾಳ ನೋಡಬೇಕು, ನಿಜ. ಜೊತೆಗೆ ಯಾರು ಸೊಲ್ಲು ಹಿಡಿದರು, ಯಾರಿಗೆ ಹಿಡಿಯಲು ಆಗಲಿಲ್ಲ ಎಂದೂ ನೋಡಬೇಕು. ಆ ಲೆಕ್ಕದಲ್ಲಿ ನಾವು ಫೇಲಾದೆವು.

ಮುಂದಿನ ಸಲಕ್ಕೆ ಒಂದು ಶಾಲೆಯ ನೆಲಮಹಡಿ ಕೇಳಿದ್ದೇವೆ. ಜಮಖಾನೆ ಹಾಸಿ, ಕಾಲುನೋವಿನವರಿಗೆ ಕುರ್ಚಿ ಇಡುವುದು. ಸೋಫಾ ಬೇಡ, ಸನ್ಮಾನ ಬೇಡ. ಮಗ್ರಿಬ್ ನಮಾಜಿನ ನಂತರ ಶುರುಮಾಡಿ ಒಂಬತ್ತರೊಳಗೆ ಮುಗಿಸುವುದು. ಸೊಲ್ಲುಗಳನ್ನು ಕನ್ನಡ, ದೇವನಾಗರಿ, ಉರ್ದು ಮೂರೂ ಲಿಪಿಯಲ್ಲಿ ಅಚ್ಚುಹಾಕಿ ಹಂಚುವುದು, ಯಾಕೆಂದರೆ ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮೇಳದವರು ನಡುವೆ ಸುತ್ತು ಹಾಕಲಿ, ನಾವು ಸುತ್ತಲೂ ಕೂರೋಣ. ಆ ನಾನಿಗೆ ಈಗಲೇ ಹೇಳಿಯಾಗಿದೆ. “ಮೆಟ್ಟಿಲಾ ಇಲ್ಲಂದ್ರ ಬರ್ತೀನವ್ವಾ” ಅಂದಿದ್ದಾರೆ.